ಕಾಶಿಯಲ್ಲಿ ಬಿಟ್ಟ ಮೋಟಾರ್ ಸೈಕಲ್ಲು

ನಮ್ಮ ಮನೆತನ ಗೋತ್ರ ಕೇಳಿಯೇ ಅನ್ನ ತಿಂದದ್ದು. ಹನುಮಾನ್ ಘಾಟಿನ ಮೇಲಿನ ಗಲ್ಲಿಯಲ್ಲಿ ಅಜ್ಜ, ಅವರ ನಂತರ ಅಪ್ಪ, ಕರ್ನಾಟಕದಿಂದ ಬಂದ ಯಾತ್ರಿಕರನ್ನು ಕೂರಿಸಿಕೊಂಡು ಹೆಸರು, ಗೋತ್ರ, ತಂದೆ ಯಾರು, ಅಜ್ಜ ಯಾರು ಎಂದು ಕೇಳಿ ಪಿಂಡ ಹಾಕಿಸುತ್ತಿದ್ದರು. ನಾನು ಮಾತ್ರ ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಇಲ್ಲಿನ ಸಾರಿಗೆ ಕಚೇರಿಯಲ್ಲಿ ವಾಹನ ಪರೀಕ್ಷಿಸುವ ಇನ್ಸ್‌ಪೆಕ್ಟರ್ ಆದೆ. ಅಪ್ಪ ಬಹಳ ಕಾಲ ಮುಖ ಊದಿಸಿಕೊಂಡೇ ಇದ್ದರು. ಆಮೇಲೊಂದು ದಿನ ಜಗಲಿಯ ಮೇಲೆ ಯಾತ್ರಿಕರ ಮುಂದೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: “ನಾನು ಮನುಷ್ಯರ ಗೋತ್ರ ಕೇಳ್ತೀನಿ, ನನ್ನ ಮಗ ಗಾಡಿಗಳ ಗೋತ್ರ ಕೇಳ್ತಾನೆ. ಕಸುಬು ಒಂದೇ.” ಸರ್ವಿಸಿನಲ್ಲಿ ನನಗೆ ಎಷ್ಟೋ ಕಾಗದಗಳು ಸಿಕ್ಕವು. ಈ ಮಾತಿನಷ್ಟು ಖುಷಿ ಯಾವುದೂ ಕೊಡಲಿಲ್ಲ.

ಈಗ ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕೆಲಸ ಹೇಗಿತ್ತು ಸರ್, ಹೇಳಿ ಎನ್ನುತ್ತಾರೆ. ಯಾವಾಗ ಬಡ್ತಿ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂಬುದನ್ನು ಕೇಳಿ ಅವರಿಗೆ ಏನೂ ಆಗಬೇಕಿಲ್ಲ. ಕೈಗೆ ಗ್ರೀಸು ಹತ್ತಿದ ಕೆಲವು ಸಂಗತಿಗಳನ್ನಷ್ಟೇ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಮಿಶ್ರಾಜಿ. ಬಾಯಲ್ಲಿ ಸದಾ ಪಾನ್, ಆದ್ದರಿಂದ ಮಾತು ಕಡಿಮೆ. ಪ್ರತಿ ಗಾಡಿಯ ಚೌಕಟ್ಟಿನ ಮೇಲೆ ಕಾರ್ಖಾನೆಯವರು ಒಂದು ನಂಬರು ಕೆತ್ತಿರುತ್ತಾರೆ, ಅದೇ ಚಾಸಿ ನಂಬರು. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನ ಮೊನೆಯನ್ನು ಮಲಗಿಸಿ ಮೆಲ್ಲಗೆ ಉಜ್ಜಿದರೆ, ಕಪ್ಪಿನ ನಡುವೆ ಅಂಕಿಗಳು ಬಿಳಿಯಾಗಿ ಎದ್ದು ಬರುತ್ತವೆ. ನಾನು ಮೊದಲ ದಿನ ಫೈಲು ಬಿಡಿಸಿ ನಂಬರು ನೋಡಿಕೊಂಡು, ಆಮೇಲೆ ಗಾಡಿಯ ಕಡೆ ಬಗ್ಗಿದೆ. ಮಿಶ್ರಾಜಿ ಪಕ್ಕಕ್ಕೆ ತಿರುಗಿ ಪಾನ್ ಉಗುಳಿದರು. ಅವರು ಪಾನ್ ಉಗುಳಿದರೆಂದರೆ ಮಾತು ಗಂಭೀರವಾದದ್ದು ಎಂದರ್ಥ.

“ಪೆಹಲೇ ಲೋಹಾ, ಫಿರ್ ಕಾಗಜ್,” ಎಂದರು. ಮೊದಲು ಕಬ್ಬಿಣ, ಆಮೇಲೆ ಕಾಗದ. “ಕಾಗದದಲ್ಲಿ ಎಂಟು ನೋಡಿ ಬಂದವನಿಗೆ ಕಬ್ಬಿಣದ ಮೂರೂ ಎಂಟಾಗಿಯೇ ಕಾಣತ್ತೆ, ಬೇಟಾ. ತಪ್ಪು ನಿನ್ನ ಕಣ್ಣಿನದಲ್ಲ, ಆಸೆಯದು.”

ಅಂದಿನಿಂದ ನಿವೃತ್ತಿಯವರೆಗೆ ನಾನು ಫೈಲನ್ನು ಮೊದಲು ತೆರೆದದ್ದಿಲ್ಲ. ಈ ಒಂದು ಮಾತನ್ನು ಎದೆ ತಟ್ಟಿಕೊಂಡು ಹೇಳಬಲ್ಲೆ.

ಇನ್ನೊಂದು ಪಾಠವನ್ನು ಕಲಿಸಿದವನು ಒಬ್ಬ ಹಾಲಿನವನು. ರಾಮನಗರದ ಕಡೆಯವನು, ಹಾಲಿನ ಕ್ಯಾನು ಹೊತ್ತು ಹೊತ್ತು ಅವನ ಮೋಟಾರ್ ಸೈಕಲ್ಲು ಅವನ ಎಮ್ಮೆಯ ಬಣ್ಣಕ್ಕೇ ಬಂದಿತ್ತು. ಹಳೆಯ ಗಾಡಿ, ನೋಂದಣಿ ನವೀಕರಿಸಬೇಕು, ನಾಳೆ ತೊಳೆದುಕೊಂಡು ಬಾ ಎಂದು ನಮ್ಮವರು ಯಾರೋ ಹೇಳಿ ಕಳಿಸಿದ್ದರು. ಮರುದಿನ ಗಾಡಿ ಮದುವಣಗಿತ್ತಿಯ ಹಾಗೆ ಬಂತು. ಚಾಸಿ ನಂಬರು ಇರುವ ಜಾಗವಂತೂ ಕನ್ನಡಿಯಂತೆ ಹೊಳೆಯುತ್ತಿತ್ತು. ನಂಬರು ಇರಲಿಲ್ಲ!

“ಸಾಹೇಬರಿಗೆ ಚೆನ್ನಾಗಿ ಕಾಣಲಿ ಅಂತ ರೇಗ್‌ಮಾಲ್ ಹಾಕಿ ಉಜ್ಜಿದೆ ಹುಜೂರ್, ಇಡೀ ರಾತ್ರಿ,” ಎಂದ ಹೆಮ್ಮೆಯಿಂದ. ಮರಳುಕಾಗದವನ್ನು ಇಲ್ಲಿ ರೇಗ್‌ಮಾಲ್ ಎನ್ನುತ್ತಾರೆ. ಸಾಹೇಬರಿಗೆ ಮರ್ಯಾದೆ ಮಾಡಲು ಹೋಗಿ ಅವನು ಗಾಡಿಯ ಹೆಸರನ್ನೇ ಅಳಿಸಿಬಿಟ್ಟಿದ್ದ. ನಂಬರು ಅಳಿದ ಗಾಡಿ ಕಾನೂನಿನ ಕಣ್ಣಿಗೆ ಅನುಮಾನದ ಗಾಡಿ. ಪ್ರಯೋಗಾಲಯದ ವರದಿ ತರಿಸಿ, ಅನುಮತಿ ಪಡೆದು ಮತ್ತೆ ನಂಬರು ಕೆತ್ತಿಸುವಷ್ಟರಲ್ಲಿ ಅವನ ಎಮ್ಮೆ ಎರಡು ಸಲ ಕರು ಹಾಕಿತು. ಆಮೇಲೆ ಅವನು ನಮ್ಮ ಕಚೇರಿಯ ಮುಂದೆ ಹಾಯುವಾಗಲೂ ಗಾಡಿಯಿಂದ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದ.

ಆಮೇಲೆ ಕಂಪ್ಯೂಟರು ಬಂತು. ದಪ್ಪ ರಟ್ಟಿನ ರಿಜಿಸ್ಟರುಗಳೆಲ್ಲ ಅಟ್ಟ ಸೇರಿದವು. ಒಳ್ಳೆಯದೇ ಆಯಿತು, ಬ್ರೋಕರುಗಳ ಕಾಟ ಅರ್ಧ ಕಡಿಮೆಯಾಯಿತು. ಈಗಿನವರು ನಂಬರನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ. ಹೊಡೆದುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಫೋಟೊ ಮೇಲಿನದ್ದನ್ನು ಮಾತ್ರ ನೋಡುತ್ತದೆ. ಪೆನ್ಸಿಲು ಹಿಡಿದ ಬೆರಳಿಗೆ ಕಬ್ಬಿಣದ ಏರಿಳಿತ ತಿಳಿಯುತ್ತದೆ. ಇದು ಮುದುಕನ ಹಟ ಎಂದುಕೊಳ್ಳುವವರು ಮುಂದಿನದನ್ನು ಕೇಳಿ.

ನಮ್ಮ ಗಲ್ಲಿಯಲ್ಲಿ ಅನಂತ ಶಾಸ್ತ್ರಿಗಳು ಎಂಬ ಪುರೋಹಿತರಿದ್ದರು. ಅವರ ಬಳಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಮೋಟಾರ್ ಸೈಕಲ್ಲಿತ್ತು. ಎರಡು ಸೈಲೆನ್ಸರು, ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ. ಕರ್ನಾಟಕದ ನಂಬರು ಪ್ಲೇಟು ಹಾಗೆಯೇ ಇತ್ತು. ಕಚ್ಚೆ ಪಂಚೆ ಉಟ್ಟು, ಹಣೆಗೆ ಗಂಧವಿಟ್ಟು, ಅವರು ಅದರ ಮೇಲೆ ಸ್ಟೇಷನ್ನಿಗೆ ಹೋಗಿ ಯಾತ್ರಿಕರನ್ನು ಕರೆದುತರುತ್ತಿದ್ದರು. ಗೌದೋಲಿಯಾ ಚೌಕದ ಪೊಲೀಸರಿಗೆಲ್ಲ ಅದು ‘ಪಂಡಿತ್‌ಜೀ ಕೀ ಫಟ್‌ಫಟಿಯಾ’. ಯಾರೂ ಕಾಗದ ಕೇಳುತ್ತಿರಲಿಲ್ಲ. ನಾನು ಮಾತ್ರ ಸಿಕ್ಕಾಗಲೆಲ್ಲ ಕಾಡುತ್ತಿದ್ದೆ.

“ಶಾಸ್ತ್ರಿಗಳೇ, ಗಾಡಿ ನಿಮ್ಮ ಹೆಸರಿಗೆ ಮಾಡಿಸಿ. ಇಲ್ಲಾಂದ್ರೆ ಒಂದಿನ ತೊಂದರೆ.”

“ಧಾರೆ ಎರೆದು ಕೊಟ್ಟಿದ್ದಪ್ಪಾ ಅದು! ಗಂಗೆಯ ನೀರು ಬಿಟ್ಟು, ಹೆಸರು ಗೋತ್ರ ನಕ್ಷತ್ರ ಎಲ್ಲ ಹೇಳಿ ಕೊಟ್ಟಿದ್ದಾರೆ. ನಿಮ್ಮ ಫಾರಮ್ಮಿನಲ್ಲಿ ನಕ್ಷತ್ರ ಇದೆಯಾ?”

ಅವರ ಮಾತಿನ ಹಿಂದೊಂದು ಕತೆ ಇತ್ತು. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ವಸ್ತುವನ್ನು ಇಲ್ಲಿ ಬಿಟ್ಟು ಹೋಗಬೇಕು, ಮತ್ತೆಂದೂ ಅದನ್ನು ಮುಟ್ಟಬಾರದು ಎಂಬ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಜನ ಜಾಣರು. ಹಾಗಲಕಾಯಿ ಬಿಟ್ಟವರೇ ಹೆಚ್ಚು. ಆದರೆ ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯ ಫಿಟ್ಟರ್ ನಂಜೇಗೌಡರು ಎಂಬುವವರು ಹೆಂಡತಿಯ ಅಸ್ಥಿ ತೆಗೆದುಕೊಂಡು ಅಷ್ಟು ದೂರದಿಂದ ಈ ಗಾಡಿಯ ಮೇಲೆಯೇ ಬಂದಿದ್ದರಂತೆ. ಕರ್ಮವೆಲ್ಲ ಮುಗಿದ ಮೇಲೆ ಏನು ಬಿಡುತ್ತೀರಿ ಎಂದು ಶಾಸ್ತ್ರಿಗಳು ಕೇಳಿದಾಗ, ಗಾಡಿಯ ಕೀಲಿಯನ್ನು ಅವರ ಕೈಯಲ್ಲಿಟ್ಟು ಅದರ ಮೇಲೆ ಗಂಗೆಯ ನೀರು ಬಿಟ್ಟರಂತೆ. ಆಮೇಲೆ ರೈಲು ಹತ್ತಿ ಹೋದರು. ಅವರು ಕೊಟ್ಟ ಆರ್.ಸಿ. ಪುಸ್ತಕ ಒಂದು ಮಳೆಗಾಲ ಗಂಗೆ ಗಲ್ಲಿಗೆ ನುಗ್ಗಿದಾಗ ಟ್ರಂಕಿನ ಸಮೇತ ಹೋಯಿತು. ಧರ್ಮಶಾಸ್ತ್ರದ ಪ್ರಕಾರ ಎಲ್ಲ ಸರಿಯಾಗಿತ್ತು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಏನೂ ಆಗಿರಲಿಲ್ಲ.

ಶಾಸ್ತ್ರಿಗಳು ತೀರಿಕೊಂಡರು. ಅವರ ಮಗಳು ಮಾಧವಿ ಇಲ್ಲಿನ ಲಂಕಾ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಗೇಟಿನ ಹತ್ತಿರ, ಓದುವ ಹುಡುಗರಿಗೆ ಇಡ್ಲಿ ಸಾಂಬಾರಿನ ಅಂಗಡಿ ಇಟ್ಟಳು. ಮನೆಯಲ್ಲೇ ಅಡುಗೆ, ಸಾಗಿಸುವುದಕ್ಕೆ ಅಪ್ಪನ ಗಾಡಿ. ಒಂದು ಬೆಳಿಗ್ಗೆ ಹೊಸದಾಗಿ ಬಂದ ದರೋಗಾ ಅವಳನ್ನು ತಡೆದರು. ಪೊಲೀಸ್ ಸಬ್ ಇನ್ಸ್‌ಪೆಕ್ಟರಿಗೆ ಇಲ್ಲಿ ದರೋಗಾ ಎನ್ನುತ್ತಾರೆ. ಬೇರೆ ರಾಜ್ಯದ ಪ್ಲೇಟು, ಕಾಗದ ಇಲ್ಲ, ಕಂಪ್ಯೂಟರಿನಲ್ಲಿ ಆ ನಂಬರೂ ಇಲ್ಲ. ಅಷ್ಟು ಹಳೆಯ ರಿಜಿಸ್ಟರನ್ನು ಅಲ್ಲಿನ ಕಚೇರಿಯವರು ಇನ್ನೂ ಕಂಪ್ಯೂಟರಿಗೆ ಏರಿಸಿರಲಿಲ್ಲ. ದರೋಗಾ ಗಾಡಿಯನ್ನು ಠಾಣೆಗೆ ಸಾಗಿಸಿ, “ಯೇ ತೋ ಚೋರೀ ಕಾ ಮಾಲ್ ಹೈ,” ಎಂದುಬಿಟ್ಟರು. ಕದ್ದ ಮಾಲು. ವಾರಸುದಾರರು ಸಿಗದಿದ್ದರೆ ಗುಜರಿಗೆ ಹರಾಜು.

ಆ ಸಂಜೆ ಶಾಸ್ತ್ರಿಗಳ ಹೆಂಡತಿ ನಮ್ಮ ಮನೆಗೆ ಬಂದರು. ಗಲ್ಲಿಗೆಲ್ಲ ಅವರು ಗಿರಿಜಕ್ಕ. ಮಾಧವಿಯೂ ಜೊತೆಗಿದ್ದಳು.

“ಅಣ್ಣಾ, ಗಾಡಿ ಹೋದ್ರೆ ಹೋಗ್ಲಿ, ಇಡ್ಲಿ ರಿಕ್ಷಾದಲ್ಲೂ ಹೋಗತ್ತೆ,” ಎಂದರು ಗಿರಿಜಕ್ಕ. “ಆದ್ರೆ ತರಕಾರಿ ಮಾರೋ ಸಬ್ಜಿಯವನು ಮಧ್ಯಾಹ್ನ ನನ್ನನ್ನೇ ಕೇಳ್ದ, ಪಂಡಿತ್‌ಜೀ ಅಷ್ಟು ವರ್ಷ ಕದ್ದ ಗಾಡೀಲಿ ಓಡಾಡಿದ್ರಾ ಅಂತ. ಅವರು ಒಬ್ಬರ ಒಂದು ಕಾಸು ಮುಟ್ಟಿದೋರಲ್ಲ. ಸತ್ತ ಮೇಲೆ ಕಳ್ಳ ಅನ್ನಿಸ್ಕೋಬೇಕಾ?”

“ಮಾವಾ, ಕುಛ್ ಕೀಜಿಯೇ ನಾ,” ಎಂದಳು ಮಾಧವಿ, ಏನಾದರೂ ಮಾಡಿ ಎಂದು. ಈ ಹುಡುಗಿಗೆ ಅಳು ಬಂದಾಗ ಕನ್ನಡ ಮರೆತುಹೋಗುತ್ತದೆ.

ನಾಳೆಯೇ ವಿಚಾರಿಸುತ್ತೇನೆ ಎಂದು ಇಬ್ಬರನ್ನೂ ಕಳಿಸಿದೆ. ಆದರೆ ಪರೀಕ್ಷೆ ಮಾಡಬೇಕಾದವನೇ ನಾನು, ಅವರೋ ನನಗೆ ಮನೆಯವರಂತೆ. ಮರುದಿನ ನಮ್ಮ ಅಧಿಕಾರಿ ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ, ಈ ಕೆಲಸ ಬೇರೆಯವರಿಗೆ ಕೊಡಿ ಎಂದೆ. ಆಕೆ ಲಕ್ನೋದವರು, ನನಗಿಂತ ಬಹಳ ಚಿಕ್ಕವರು. ಆದರೆ ನಾನು ಕಂಡ ಮೇಲಧಿಕಾರಿಗಳಲ್ಲಿ ಮಿಶ್ರಾಜಿಯ ಸಾಲಿನಲ್ಲಿ ನಿಲ್ಲುವವರು ಅವರೊಬ್ಬರೇ.

“ಭಟ್ಟ್‌ಜೀ, ನಿಮ್ಮಷ್ಟು ಹಳೆಯ ಗಾಡಿ ನೋಡಿದವರು ಇಲ್ಲಿ ಬೇರೆ ಯಾರಿದ್ದಾರೆ? ನೀವೇ ಮಾಡಿ,” ಎಂದರು. “ಕರ್ನಾಟಕದಿಂದ ಹಳೆಯ ದಾಖಲೆ ತರಿಸುತ್ತೇನೆ. ಆ ಲಕೋಟೆ ನನ್ನ ಬೀರುವಿನಲ್ಲಿರತ್ತೆ. ನೀವು ನಂಬರು ತೆಗೆದು ಸಹಿ ಹಾಕಿ ನನ್ನ ಮೇಜಿನ ಮೇಲಿಟ್ಟ ಮೇಲೆ, ದರೋಗಾ ಎದುರಿಗೇ ಒಡೆಯೋಣ.”

ಮೊದಲು ಕಬ್ಬಿಣ, ಆಮೇಲೆ ಕಾಗದ! ಮಿಶ್ರಾಜಿಯನ್ನು ಆಕೆ ನೋಡಿದವರೇ ಅಲ್ಲ.

ಠಾಣೆಯ ಅಂಗಳದಲ್ಲಿ ಗಾಡಿ ಧೂಳು ಹೊದ್ದು ನಿಂತಿತ್ತು. ಹ್ಯಾಂಡಲಿನ ಕೆಳಗೆ, ಕತ್ತಿನ ಭಾಗದಲ್ಲಿ ಚಾಸಿ ನಂಬರು ಇರಬೇಕು. ಬಗ್ಗಿ ನೋಡಿದೆ. ಅಲ್ಲಿ ಕಂದು ಬಣ್ಣದ, ಕಲ್ಲಿನಷ್ಟು ಗಟ್ಟಿಯಾದ ಒಂದು ಹೆಪ್ಪು ಕೂತಿತ್ತು.

“ನೋಡಿದ್ರಾ? ನಂಬರು ಮುಚ್ಚೋಕೆ ಮಸಾಲಾ ಮೆತ್ತಿದ್ದಾರೆ,” ಎಂದರು ದರೋಗಾ. ಪಕ್ಕದ ಮೆಕ್ಯಾನಿಕ್ ಆಗಲೇ ಜೇಬಿನಿಂದ ರೇಗ್‌ಮಾಲ್ ತೆಗೆದಿದ್ದ. ನನಗೆ ಆ ಹಾಲಿನವನ ಮುಖ ಕಣ್ಣ ಮುಂದೆ ಬಂತು.

“ಹಾಥ್ ಮತ್ ಲಗಾನಾ!” ಎಂದು ಕೂಗಿದೆ, ಕೈ ಹಚ್ಚಬೇಡ ಎಂದು. ನನ್ನ ಗಂಟಲಿಗೆ ಅಷ್ಟು ಶಕ್ತಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಉಗುರಿನಿಂದ ಒಂದು ಚೂರು ಕೆರೆದು ಮೂಸಿದೆ. ಎಣ್ಣೆ, ಅರಿಶಿನ, ಕುಂಕುಮ. ಸಂಜೆ ಗಿರಿಜಕ್ಕನನ್ನು ಕೇಳಿದಾಗ ವಿಷಯ ತಿಳಿಯಿತು. ಪ್ರತಿ ಆಯುಧಪೂಜೆಗೂ ಶಾಸ್ತ್ರಿಗಳು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಸರಿಯಾಗಿ ಆ ನಂಬರಿನ ಮೇಲೆಯೇ ಹಚ್ಚುತ್ತಿದ್ದರು. “ಎಲ್ಲರೂ ಹೆಡ್‌ಲೈಟಿಗೆ ಹಚ್ತಾರೆ, ನೀವ್ಯಾಕೆ ಅಲ್ಲಿ ಅಂತ ಕೇಳಿದ್ದೆ ಅಣ್ಣಾ. ಕಬ್ಬಿಣದ ಮೇಲೆ ಬರೆದಿರೋದು ಗಾಡಿಯ ಹೆಸರು, ಪೂಜೆ ಹೆಸರಿಗೆ ಸಲ್ಲಬೇಕು ಅಂತಿದ್ರು.” ಹಿಂದಿನ ವರ್ಷದ್ದನ್ನು ಒರೆಸುವಂತಿಲ್ಲ, ಅದು ಪ್ರಸಾದ. ಹೀಗೆ ಒಂದರ ಮೇಲೊಂದು ಪದರ. ಸಂಕಲ್ಪ ಹೇಳಿಸುವ ಪುರೋಹಿತನಿಗಲ್ಲದೆ ಇನ್ನಾರಿಗೆ ಇಂಥ ಬುದ್ಧಿ ಬಂದೀತು! ಪೂಜೆ ಮಾಡಿ ಮಾಡಿ ಪೂಜಿಸಿದ್ದನ್ನೇ ಮುಚ್ಚಿಬಿಟ್ಟಿದ್ದರು.

ಮನೆಯಲ್ಲಿ ಸಾಲಿಗ್ರಾಮಕ್ಕೆ ಮೆತ್ತಿದ ಒಣ ಗಂಧವನ್ನು ಅಪ್ಪ ಎಂದೂ ಕೆರೆಯುತ್ತಿರಲಿಲ್ಲ, ನೆನೆಸಿ ಬಿಡಿಸುತ್ತಿದ್ದರು. ಮರುದಿನ ಬೆಳಿಗ್ಗೆ ಠಾಣೆಯಲ್ಲಿ ನಾನೂ ಅದನ್ನೇ ಮಾಡಿದೆ. ಬಿಸಿ ಮಾಡಿದ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ನೆನೆಸಿ ಹೆಪ್ಪಿನ ಮೇಲಿಟ್ಟೆ, ಹಳೆಯ ಧೋತರದ ಚೂರಿನಿಂದ ಒರೆಸಿದೆ, ಮತ್ತೆ ಇಟ್ಟೆ. ಒಂದೊಂದೇ ವರ್ಷದ ಪೂಜೆ ನನ್ನ ಕೈಗೆ ಹತ್ತಿಕೊಂಡು ಬಂತು. ಕಾನ್‌ಸ್ಟೇಬಲ್ಲುಗಳು ಸುತ್ತ ನಿಂತು, ಭಟ್ಟ್‌ಜೀ ಫಟ್‌ಫಟಿಯಾಗೆ ಮಾಲೀಶು ಮಾಡುತ್ತಿದ್ದಾರೆ ಎಂದು ನಗುತ್ತಿದ್ದರು. ನಗಲಿ. ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಕಾಣಿಸಿಕೊಂಡವು. ಎಣ್ಣೆ ಕುಂಕುಮದ ಅಡಿಯಲ್ಲಿ ಕಬ್ಬಿಣಕ್ಕೆ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಆದರೆ ಕೊನೆಯ ಎರಡು ಅಂಕಿ ಮಾತ್ರ ಇನ್ನೂ ಮಸುಕು.

“ಏನೋ ಒಂದು ಬರೆದುಬಿಡಿ, ಲಕೋಟೆಯಲ್ಲಿ ಹೇಗೂ ಇರತ್ತಲ್ಲ,” ಎಂದರು ದರೋಗಾ. ಅವರಿಗೂ ಬಿಸಿಲು ಸಾಕಾಗಿತ್ತು.

“ಅದಕ್ಕೇ ಬರೆಯೋದಿಲ್ಲ. ನಾಳೆ ಬರುತ್ತೇನೆ.” ಎಣ್ಣೆಯ ಹತ್ತಿಯನ್ನು ಅಲ್ಲೇ ಕಟ್ಟಿ, ಮೇಲೆ ಸೀಲು ಹಾಕಿ ಮನೆಗೆ ಹೋದೆ. ಮರುದಿನ ಕಾಗದವಿಟ್ಟು ಪೆನ್ಸಿಲು ಆಡಿಸಿದಾಗ ಎಲ್ಲ ಅಂಕಿಗಳೂ ಅಕ್ಷತೆಯಷ್ಟು ಬೆಳ್ಳಗೆ ಎದ್ದು ಬಂದವು. ಅಂಥ ಪ್ರಿಂಟನ್ನು ನಾನು ಅದಕ್ಕೆ ಮೊದಲು ತೆಗೆದಿರಲಿಲ್ಲ, ಆಮೇಲೂ ತೆಗೆಯಲಿಲ್ಲ.

ಕರ್ನಾಟಕದ ಲಕೋಟೆ ಬಂದ ದಿನ ಮೇಡಂ ಕೋಣೆಯಲ್ಲಿ ದರೋಗಾ, ನಾನು, ಬಾಗಿಲ ಹೊರಗೆ ತಾಯಿ ಮಗಳು. ಮೇಡಂ ನನ್ನ ಪೆನ್ಸಿಲು ಪ್ರಿಂಟನ್ನೂ ಆ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿದರು. ಕೊನೆಯ ಅಂಕಿಯವರೆಗೂ ಕೂಡಿತು. ಮಾಲೀಕರ ಹೆಸರು ನಂಜೇಗೌಡ.

“ಕೂಡಿತು ಸರಿ,” ಎಂದರು ದರೋಗಾ. ಕೆಟ್ಟವರಲ್ಲ ಅವರು, ತಮ್ಮ ಕೆಲಸ ಬಿಡುವವರೂ ಅಲ್ಲ. “ಇದು ನಂಜೇಗೌಡರ ಗಾಡಿ ಅಂತ ಗೊತ್ತಾಯಿತು. ನಿಮ್ಮ ಪಂಡಿತ್‌ಜೀ ಕೈಗೆ ಹೇಗೆ ಬಂತು ಅಂತ ಗೊತ್ತಾಗಲಿಲ್ಲವಲ್ಲ?”

ಮಾತು ನ್ಯಾಯವಾಗಿತ್ತು. ಮೇಡಂ ದಾಖಲೆಯಲ್ಲಿದ್ದ ವಿಳಾಸಕ್ಕೆ ನೋಟಿಸು ಕಳಿಸಿದರು. ನಂಜೇಗೌಡರು ಎಂದೋ ತೀರಿಕೊಂಡಿದ್ದರು. ಅವರ ಒಬ್ಬನೇ ಮಗ ಪುಟ್ಟಸ್ವಾಮಿ, ತಾನೇ ಬಂದು ನೋಡುತ್ತೇನೆ ಎಂದು ಫೋನು ಮಾಡಿ, ರೈಲು ಹತ್ತಿ ಬಂದರು.

ಬಿಳಿ ಷರಟು, ಹೆಗಲ ಮೇಲೆ ಟವೆಲು, ವಯಸ್ಸು ಹೆಚ್ಚುಕಡಿಮೆ ನನ್ನದೇ. ಠಾಣೆಯ ಅಂಗಳಕ್ಕೆ ಬಂದವರು ಯಾರ ಮುಖವನ್ನೂ ನೋಡದೆ ಗಾಡಿಯನ್ನೇ ನೋಡುತ್ತ ನಿಂತರು.

“ಕೇಳಿ, ಗಾಡಿ ಕಳುವಾಗಿತ್ತಾ?” ಎಂದು ದರೋಗಾ ನನಗೆ ಹೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

“ಹೂಂ ಸಾ. ನಾವು ಹಂಗೇ ಅಂದ್ಕಂಡಿದ್ದೊ,” ಎಂದರು ಪುಟ್ಟಸ್ವಾಮಿ.

ಮಗಳೊಂದಿಗೆ ಅಲ್ಲಿಗೆ ಬಂದಿದ್ದ ಗಿರಿಜಕ್ಕ ಅವಳ ತೋಳು ಹಿಡಿದುಕೊಂಡರು. ಆ ಮಾತನ್ನು ಹಿಂದಿಗೆ ತಿರುಗಿಸುವಾಗ ನನ್ನ ಬಾಯಿ ಕಹಿಯಾಯಿತು. ಆದರೂ ಹೇಳಿದ್ದನ್ನು ಹೇಳಿದಂತೆಯೇ ತಿರುಗಿಸಿದೆ.

“ಅಪ್ಪ ಗಾಡೀಲಿ ಹೋದೋರು ರೈಲಲ್ಲಿ ಬಂದ್ರು,” ಅವರು ಮುಂದುವರಿಸಿದರು. “ಗಾಡಿ ಎಲ್ಲಪ್ಪ ಅಂದ್ರೆ, ಕಾಶೀಲಿ ಬಿಟ್ಟೆ ಅಂದ್ರು. ಅಷ್ಟೇ. ಯಾರೋ ಕದ್ಬುಟ್ಟವ್ರೆ, ನಾಚ್ಕೆಗೆ ಹಿಂಗಂತಾವ್ರೆ ಅಂದ್ಕಂಡೊ.”

ಗಿರಿಜಕ್ಕ ಮುಂದೆ ಬಂದರು. “ನಿಮ್ಮ ತಂದೆ ಘಾಟಿನ ಮೇಲೆ ನಮ್ಮನೆಯವರ ಹತ್ತಿರ ಒಂದು ಮಾತು ಹೇಳಿದ್ರಂತೆ. ತರಕಾರಿ ಬಿಟ್ರೆ ನಂಗೇನೂ ನೋವಾಗಲ್ಲ ಸ್ವಾಮಿ, ಹಿಂದೆ ಅವಳು ಕೂರದ ಗಾಡಿ ಓಡಿಸ್ಕೊಂಡು ಊರಿಗೆ ಹೋಗಕ್ಕೆ ನಂಗಾಗಲ್ಲ ಅಂತ. ನಿಮ್ಮ ತಾಯಿ ಕಾಲಿಡ್ತಿದ್ದ ಹಲಗೆಯನ್ನ ಮಾತ್ರ ತೆಗೀಬೇಡಿ ಅಂದ್ರಂತೆ. ನಮ್ಮನೆಯವರು ತೆಗೀಲಿಲ್ಲ.”

ಪುಟ್ಟಸ್ವಾಮಿ ಗಾಡಿಯ ಎಡಗಡೆಗೆ ಬಂದು ಕುಕ್ಕರಗಾಲಲ್ಲಿ ಕುಳಿತರು. ಹಿಂದಿನ ಸೀಟಿನ ಕೆಳಗೆ, ಒಂದೇ ಕಡೆಗೆ ಕೂರುವ ಹೆಂಗಸು ಪಾದ ಇಡಲು ಮಾಡಿದ ಅಗಲವಾದ ಕಬ್ಬಿಣದ ಹಲಗೆ ಇತ್ತು. ಅದರ ಮೇಲೆ ಕೈಯಾಡಿಸಿದರು.

“ಇದು ಅಪ್ಪ ಫ್ಯಾಕ್ಟ್ರೀಲಿ ಮಾಡಿದ್ದು ಸಾ, ಅವ್ವಂಗೆ,” ಎಂದರು. ಟವೆಲು ಮುಖಕ್ಕೆ ಹೋಯಿತು. “ಕಾಶಿಯಿಂದ ಬಂದ್ಮೇಲೆ ಬೀದೀಲಿ ಇಂಥ ಗಾಡಿ ಸದ್ದು ಕೇಳುದ್ರೆ ಒಳಕ್ಕೆದ್ದು ಹೋಗೋರು. ಗಾಡಿ ಅಂದ್ರೆ ಸಿಟ್ಟು ಅಂದ್ಕಂಡಿದ್ದೊ. ಬಿಟ್ಟಿದ್ರಲ್ಲ, ಅದುಕ್ಕೆ ಕಿವಿನೂ ಕೊಡ್ತಿರ್ಲಿಲ್ಲ.” ಎದ್ದು ನಿಂತು ದರೋಗಾ ಕಡೆ ತಿರುಗಿ, ತನಗೆ ಹಿಂದಿ ಬಾರದೆಂಬುದನ್ನೇ ಮರೆತು ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದರು: “ಕದ್ದಿದ್ದಲ್ಲ ಸಾ ಇದು. ನಮ್ಮಪ್ಪ ಕೊಟ್ಟಿದ್ದು. ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ.”

ನಾನು ಅದನ್ನು ಹಿಂದಿಗೆ ತಿರುಗಿಸಬೇಕಾಗಿ ಬರಲಿಲ್ಲ. ದರೋಗಾ ಗಿರಿಜಕ್ಕನಿಗೆ ಕೈ ಮುಗಿದು, “ಮಾತಾಜೀ, ಕ್ಷಮಾ ಕೀಜಿಯೇ,” ಎಂದರು, ಕಾನ್‌ಸ್ಟೇಬಲ್ಲುಗಳ ಎದುರಿಗೇ. ಗಿರಿಜಕ್ಕ ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನ್ನ ಇಡೀ ಸರ್ವಿಸಿನಲ್ಲಿ ಆವತ್ತಿನಷ್ಟು ಎದೆಯುಬ್ಬಿಸಿಕೊಂಡು ನಾನು ಎಂದೂ ನಿಂತಿಲ್ಲ.

ಗಾಡಿ ಬಿಡುಗಡೆಯಾಯಿತು. ಮಾಧವಿ ಕಿಕ್ ಹೊಡೆದಳು, ಮೂರನೆಯದಕ್ಕೆ ಹತ್ತಿತು. “ಅಂಕಲ್, ಬೈಠಿಯೇ, ಕೂತ್ಕೊಳ್ಳಿ, ಘಾಟಿನವರೆಗೆ ಬಿಡ್ತೀನಿ,” ಎಂದಳು ಪುಟ್ಟಸ್ವಾಮಿಯವರಿಗೆ. ನಾನು ಅವರ ಮುಖ ನೋಡಿದೆ. ಬಿಟ್ಟದ್ದನ್ನು ಮುಟ್ಟುವಂತಿಲ್ಲವಲ್ಲ! ಅವರು ಹೆಗಲಿನ ಟವೆಲು ತೆಗೆದರು.

“ಬಿಟ್ಟಿದ್ದು ಅಪ್ಪ ಕಣಮ್ಮ. ನಾನಲ್ವಲ್ಲ,” ಎಂದು ಟವೆಲನ್ನು ತಲೆಗೆ ಸುತ್ತಿ, ಅವ್ವ ಕೂರುತ್ತಿದ್ದ ಹಾಗೆ ಒಂದೇ ಕಡೆಗೆ ಕುಳಿತು, ಪಾದಗಳನ್ನು ಹಲಗೆಯ ಮೇಲಿಟ್ಟರು.

ಕಾಗದದ ಕೆಲಸಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಗಾಡಿ ಮೊದಲು ದಾಖಲೆಯಲ್ಲಿ ಮಗನ ಹೆಸರಿಗೆ ಬರಬೇಕು, ಅವರಿಂದ ಗಿರಿಜಕ್ಕನಿಗೆ ಬರಬೇಕು, ಅಲ್ಲಿನ ಕಚೇರಿ ಕಳಿಸಿಕೊಡಬೇಕು, ನಾವು ಪರೀಕ್ಷೆ ಮಾಡಿ ಇಲ್ಲಿಯ ನಂಬರು ಕೊಡಬೇಕು. ಫಾರಮ್ಮಿನಲ್ಲಿ ದಾನಕ್ಕೆ ಜಾಗವಿಲ್ಲ, ಧಾರೆಗಂತೂ ಇಲ್ಲವೇ ಇಲ್ಲ. ಎಲ್ಲಿ ಏನು ಬರೆಯಬೇಕೋ ಅಲ್ಲಿ ಅದನ್ನೇ ಬರೆದು, ಒಂದು ಹೆಜ್ಜೆಯನ್ನೂ ಹಾರಿಸದೆ ಮುಗಿಸಿದೆವು. ಅದು ನಾನು ಸಹಿ ಹಾಕಿದ ಕೊನೆಯ ಹಳೆಯ ಗಾಡಿ. ಹೊಸ ಆರ್.ಸಿ. ಕಾರ್ಡನ್ನು ಗಿರಿಜಕ್ಕ ಮೊದಲು ಗಂಡನ ಫೋಟೊ ಮುಂದೆ ಇಟ್ಟರು, ಆಮೇಲೆ ಸಬ್ಜಿಯವನಿಗೆ ತೋರಿಸಿ ಬಂದರು.

ಆ ಸಲದ ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಅವರು ಕುಂಕುಮ ಕಲಸಿಕೊಂಡು ಗಾಡಿಯ ಹತ್ತಿರ ಬಂದಾಗ ನಾನು ಗಾಬರಿಯಿಂದ, “ಗಿರಿಜಕ್ಕ, ಈ ಸಲ ಹೆಡ್‌ಲೈಟಿಗೆ ಹಚ್ಚಿ, ನಂಬರಿಗೆ ಬೇಡ,” ಎಂದೆ.

“ಅವರು ಇಲ್ಲೇ ಹಚ್ತಿದ್ರು ಅಣ್ಣಾ,” ಎಂದು ಆಕೆ ಸರಿಯಾಗಿ ಆ ಅಂಕಿಗಳ ಮೇಲೆಯೇ ಹಚ್ಚಿದರು.

ಮುಂದೆ ಎಂದಾದರೂ ಆ ಗಾಡಿ ನಿಮ್ಮಲ್ಲಿ ಯಾರದ್ದಾದರೂ ಕೈಗೆ ಪರೀಕ್ಷೆಗೆ ಬರುತ್ತದೆ. ರೇಗ್‌ಮಾಲ್ ಮುಟ್ಟಿಸಬೇಡಿ. ಹೋಗುವಾಗ ಒಂದು ಬಟ್ಟಲು ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋಗಿ.